ಹೊಳಿ ದಂಡಿ ಮ್ಯಾಲ ದಂಡ

(ಮುದ್ದೇಬಿಹಾಳ ಬಸ್ ಸ್ಟ್ಯಾಂಡ್ ಎದುರಿನ ಚಾದಂಗಡಿ. ಬಸಣ್ಣ ಗ್ಲಾಸು ತೊಳೆದು ನೀರು ಗಟಾರಕ್ಕ ಚೆಲ್ಲತಾನ. ಅದಕ್ಕ ಇನ್ನೂ ದಂಡ ಬಂದಿಲ್ಲ.)

ಗೌಡ್ರು: ಮಾಸ್ತರ, ಪೇಪರ್‍ನ್ಯಾಗ ಏನೈತ್ರಿ?

ಮಾಸ್ತರ: 1974ರ ಜಲಮಾಲಿನ್ಯ ಕಾಯ್ದೆ. 2024ರಾಗ ತಿದ್ದಿ, ಹಲವು ತಪ್ಪಿಗೆ ಜೈಲು ತಗದಾರ. ಈಗ ಬರೇ ದಂಡ. 10 ಸಾವಿರದಿಂದ 15 ಲಕ್ಷ.

ಬಸಣ್ಣ: ಚಲೋ ಆತ್ ಬಿಡ್ರಿ. ಜೈಲಿನ್ಯಾಗ ಪಾಪ, ಅವರೂ ಅದ ನೀರು ಕುಡೀಬೇಕಾಗತಿತ್ತು.

ಗೌಡ್ರು: 10 ಸಾವಿರದಾಗ ನೀರು ತಪಾಸಣಿ ಸಾಹೇಬ್ರು ಬಂದು ಹೋಗೂ ಖರ್ಚರ ಹೊಂಡತೈತೇನ? ಜೀಪು, ಡೀಸಲು, ಸ್ಯಾಂಪಲ್ ಬಾಟ್ಲಿ, ಲ್ಯಾಬು...

ಬಸಣ್ಣ: ಸಾಹೇಬ್ರು ತಂಗಡಗಿ ಹೊಳಿಗೆ ಬಂದ್ರ ಏನ್ ಕುಡೀತಾರ್ರಿ?

ಮಾಸ್ತರ: ಸೀಲ್ ಬಾಟ್ಲಿ ನೀರು.

ಬಸಣ್ಣ: ಅದನ್ನೂ ದಂಡದಾಗ ಹಿಡೀರಿ. ನಮಗೇನು, ಕೃಷ್ಣಾ ಹೊಳಿ ಫುಕಟ.

ಮಾಸ್ತರ: 2022ರಾಗ ಹಸಿರು ನ್ಯಾಯಮಂಡಳಿ ಕರ್ನಾಟಕ ಸರಕಾರಕ್ಕ 2,900 ಕೋಟಿ ದಂಡ ಹಾಕಿತ್ತು. ಕಸ, ಕೊಳಚಿ ನೀರು ನೆಟ್ಟಗ ಸಂಬಾಳಸಲಿಲ್ಲಂತ.

ಗೌಡ್ರು: ಅಬಬಬ! ಯಾರಿಗೆ ಕಟ್ಟಬೇಕಂತ?

ಮಾಸ್ತರ: ಸರಕಾರದ್ದ ಬ್ಯಾರೆ ಖಾತೆಗೆ.

ಬಸಣ್ಣ: ಈ ಕಿಸೆದಾಗಿಂದ ಆ ಕಿಸೆಕ್ಕ! ಗೌಡ್ರ, ನಿಮ್ಮ ಉದ್ರಿನೂ ಹಂಗ ತೀರಸ್ರಲ್ಲ.

ಗೌಡ್ರು: ಕಿಸೆ ಯಾವ್ದರ ಇರ್ಲಿ, ಅಂಗಿ ಯಾರ್ದೋ?

ಮಾಸ್ತರ: ಕರ ಕಟ್ಟವ್ರದು.

ಗೌಡ್ರು: ಹಿಂಗಾದ್ರ ಹೊಳಿ ಯಾವಾಗ ಸ್ವಚ್ಛ ಆಗೂದು?

ಬಸಣ್ಣ: ಬ್ಯಾಡ್ರೆಪಾ! ಹೊಳಿ ಸ್ವಚ್ಛ ಆದ್ರ ದಂಡ ನಿಲ್ಲತೈತಿ. ಜೀಪಿಗೆ ಡೀಸಲ್ ಯಾರ್ ಹಾಕ್ತಾರ?