ಗಾಳಿಗೆ ಕೀಲಿಕೈ ಬೇಡ

ಹಾಯಿದೋಣಿಗೆ ಗಾಳಿಯೇ ಗತಿ ಅಂತೀರಾ? ಇಕ್ಕಟ್ಟಿನ ಬಂದರು ಹೊಕ್ಕು ಹೊರಡಲು ಎಂಜಿನ್ನೇ ಬೇಕು ಸ್ವಾಮಿ. ಅದರ ಇಗ್ನಿಷನ್ ಸ್ವಿಚ್ಚನ್ನೋ, ಉಪ್ಪುನೀರು ಸಿಡಿಯುವ ಕಾಕ್‌ಪಿಟ್ಟಿನಲ್ಲೇ ಕೂರಿಸಿರುತ್ತಾರೆ. ಒಳಗೆ ಕಿಲುಬು, ಹೊರಗೆ ಯಾರದೋ ಮೊಣಕಾಲಿನ ಏಟು. ಕೀಲಿಕೈ ಅರ್ಧ ಕೈಯಲ್ಲಿ, ಇನ್ನರ್ಧ ತೂತಿನಲ್ಲಿ.

ತಮಾಷೆಯೆಂದರೆ ದೋಣಿಯ ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಕೀಲಿಯ ಮುಖ್ಯ ಕೆಲಸ ಸ್ಟಾರ್ಟರಿಗೆ ಕರೆಂಟು ಕಳಿಸುವುದು. ಯಾನ್ಮಾರ್ ಕಂಪನಿಯ ಹಳೆಯ ಜಿಎಂ ಸರಣಿಯ ಎಂಜಿನ್ನುಗಳು ಕೀಲಿ ತಿರುಗಿಸಿದರೂ ನಿಲ್ಲವು. ನಿಲ್ಲಿಸಲು ಬೇರೆ ಹಿಡಿಯನ್ನೇ ಎಳೆಯಬೇಕು. ಓಡುವಾಗಲೇ ಕೀಲಿ ಆಫ್ ಮಾಡಿದರೆ ಆಲ್ಟರ್ನೇಟರಿನ ಡಯೋಡು ಸುಟ್ಟೀತು!

ಅದಕ್ಕೇ ಕೆಲವು ಜಾಣರು ಕೀಲಿ ಕಿತ್ತೊಗೆದು ರಬ್ಬರ್ ಟೋಪಿಯ ಗುಂಡಿ ಹಾಕಿಸುತ್ತಾರೆ. ಕಳ್ಳ ಬಂದರೆ? ಆ ಎಂಜಿನ್ನನ್ನು ಒಂದೇ ಸಲಕ್ಕೆ ಶುರುಮಾಡುವ ಕಳ್ಳ ಸಿಕ್ಕರೆ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು.