ಸರಸ್ವತಿಯೂ ಕೊನೆಗೌಡನೂ

ನಮ್ಮೂರು ಉಳವಿ ಎಂದೊಡನೆ ಎದುರಿಗಿದ್ದವರ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ. “ಓಹೋ, ಚೆನ್ನಬಸವಣ್ಣನವರ ಕ್ಷೇತ್ರ! ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಜನ ಬರ್ತಾರಲ್ಲ?” ಎನ್ನುತ್ತಾರೆ. ಅದು ಜೋಯಿಡಾದ ಉಳವಿ, ನಮ್ಮದು ಸೊರಬ ತಾಲ್ಲೂಕಿನ ಉಳವಿ ಎಂದು ತಿದ್ದಿದ ಮೇಲೆ ಜೋಡಿಸಿದ ಕೈಗಳಲ್ಲಿ ಒಂದು ತಲೆ ಕೆರೆಯುತ್ತದೆ, ಇನ್ನೊಂದು ಜೇಬಿಗೆ ಇಳಿಯುತ್ತದೆ. ತಾಲ್ಲೂಕಿನ ಹೆಸರು ಬರೆಯಲು ಮರೆತ ನೆಂಟರೊಬ್ಬರ ಮದುವೆ ಕಾಗದ ಆ ಉಳವಿಯ ದರ್ಶನ ಮುಗಿಸಿಕೊಂಡು ನಮ್ಮ ಮನೆ ಮುಟ್ಟುವ ಹೊತ್ತಿಗೆ ಮದುಮಗಳಿಗೆ ಬಯಕೆ ಊಟ ಶುರುವಾಗಿತ್ತು. ನನ್ನ ಬಳಿಗೆ ಹೊರಟ ಸ್ಫೂರ್ತಿದೇವತೆಯೂ ಹೀಗೇ ದಾರಿ ತಪ್ಪಿ, ಆ ಉಳವಿಯಲ್ಲೇ ದಾಸೋಹ ಉಂಡುಕೊಂಡು ಸುಖವಾಗಿದ್ದಾಳೆ ಎಂಬ ಗುಮಾನಿ ನನಗೆ ಬಹಳ ವರ್ಷದಿಂದ ಇದೆ.

ಗುಮಾನಿ ಗಟ್ಟಿಯಾದದ್ದು ಈ ಸಲದ ಆಷಾಢದಲ್ಲಿ. ದೀಪಾವಳಿ ಸಂಚಿಕೆಗೆಂದು ಸಂಪಾದಕರೊಬ್ಬರು ಫೋನು ಮಾಡಿ, “ಮೇಷ್ಟ್ರೇ, ನಿಮ್ಮ ಸ್ಫೂರ್ತಿ ನೋಡೋಕೆ ಹೇಗಿದ್ದಾಳೆ, ಸ್ವಭಾವ ಎಂಥದು, ಒಂದು ಲಲಿತ ಪ್ರಬಂಧ ಬರೆದುಕೊಡಿ” ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಆ ‘ಇದ್ದಾಳೆ’ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ನಮ್ಮ ಕಣ್ಣಿಗೆ ಸರಸ್ವತಿ ಎಂದರೆ ರವಿವರ್ಮ ಬರೆದುಕೊಟ್ಟ ಸರಸ್ವತಿ. ಬಂಡೆಯ ಮೇಲೆ ಕೂತು ವೀಣೆ ನುಡಿಸುವ, ಪಕ್ಕದಲ್ಲಿ ನವಿಲು ನಿಲ್ಲಿಸಿಕೊಂಡ ಹೆಂಗಸು. ಮೈಮೇಲೆ ಬಿಳಿ ಸೀರೆ. ಆ ಸೀರೆ ಉಟ್ಟುಕೊಂಡು ಜುಲೈ ತಿಂಗಳಲ್ಲಿ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೆಂಪು ರಾಡಿ ದಾಟಿ ನಮ್ಮನೆ ಮೆಟ್ಟಿಲು ಹತ್ತುವ ಧೈರ್ಯ ಯಾವ ದೇವತೆಗಿದೆ? ಗ್ರೀಕರು ಈ ವಿಷಯದಲ್ಲಿ ಅನುಕೂಲಸ್ಥರು. ಅವರಿಗೆ ಒಂಬತ್ತು ದೇವತೆಯರು. ಚರಿತ್ರೆಗೆ ಒಬ್ಬಳು, ನಾಟ್ಯಕ್ಕೆ ಒಬ್ಬಳು, ಅಳಿಸುವ ನಾಟಕಕ್ಕೆ ಒಬ್ಬಳು, ನಗಿಸುವುದಕ್ಕೆ ಮತ್ತೊಬ್ಬಳು, ಕೊನೆಗೆ ಖಗೋಳಕ್ಕೂ ಒಬ್ಬಳು. ನಮ್ಮದು ಏಕೋಪಾಧ್ಯಾಯ ಶಾಲೆ. ವೀಣೆ, ಪುಸ್ತಕ, ಜಪಮಾಲೆ ಎಲ್ಲವನ್ನೂ ಒಬ್ಬಳೇ ನಾಲ್ಕು ಕೈಯಲ್ಲಿ ಹಿಡಿದು ನಿಭಾಯಿಸಬೇಕು. ಅಂಥ ಶಾಲೆಯಲ್ಲಿ ಹನ್ನೊಂದು ವರ್ಷ ಕಳೆದ ನನಗೆ ಆಕೆಯ ಮೇಲೆ ಸಿಟ್ಟಿಲ್ಲ, ಅನುಕಂಪವಿದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಗೇಣುದ್ದದ ಸರಸ್ವತಿಯೊಂದನ್ನು ಕೊಟ್ಟರು. ಸೊರಬ, ಸಾಗರದ ಗುಡಿಗಾರರ ಕೈಯಲ್ಲಿ ಗಂಧದ ಮರ ಹೇಗೆ ಉಸಿರಾಡುತ್ತದೆಂದು ಲೋಕಕ್ಕೆಲ್ಲ ಗೊತ್ತು. ನನ್ನದು ಗಂಧದ್ದಲ್ಲ, ಗಂಧದ ಬಣ್ಣದ್ದು. ಅಂತೂ ನನ್ನ ಬರವಣಿಗೆಗೆ ತಕ್ಕುದಾಗಿಯೇ ಇದೆ.

ದೇವಿ ಒಲಿಯದಿದ್ದರೆ ಹಿರಿಯರ ಹಾದಿ ಹಿಡಿಯಬೇಕು. ಮೊದಲು ನೆನಪಾದವನು ಕುಮಾರವ್ಯಾಸ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಆತ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂತು ಬರೆಯುತ್ತಿದ್ದನಂತೆ. ಮೈಮೇಲಿನ ಪಂಚೆಯಲ್ಲಿ ಪಸೆ ಇರುವ ತನಕ ಭಾಮಿನಿ ಷಟ್ಪದಿ ಹರಿಯುತ್ತಿತ್ತಂತೆ, ಒಣಗಿತೆಂದರೆ ಆ ದಿನದ ಕಾವ್ಯವೂ ನಿಂತಂತೆ. ಈ ಐತಿಹ್ಯವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನಿಗೆ ಅದರಲ್ಲಿನ ಹವಾಮಾನದ ಸಂಗತಿ ಹೊಳೆದೇ ಇರಲಿಲ್ಲ. ಗದಗು ಬಯಲುಸೀಮೆ. ಅಲ್ಲಿನ ಬಿಸಿಲಿಗೆ ಪಂಚೆ ಒಣಗಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತಿನಲ್ಲೇ ಆತ ದಿನಾ ದಿನಾ ಬರೆದು ಹತ್ತು ಪರ್ವ ಮುಗಿಸಿದ. ಉಳವಿಯಲ್ಲಿ ಆಷಾಢದ ಸೋಮವಾರ ಹರವಿದ ಪಂಚೆ ಮುಂದಿನ ಸೋಮವಾರಕ್ಕೂ ಒಣಗುವುದಿಲ್ಲ, ಒಲೆಯ ಮೇಲಿನ ಗಳಕ್ಕೆ ಹಾಕಿದರೆ ಹೊಗೆವಾಸನೆ ಹಿಡಿಯುತ್ತದೆ. ಆತ ಬಿಟ್ಟ ಎಂಟು ಪರ್ವಗಳನ್ನು ನಮ್ಮ ಹೋಬಳಿಯ ಯಾವನಾದರೂ ಒಂದೇ ಪಂಚೆಯಲ್ಲಿ ಮುಗಿಸಿಬಿಡಬಹುದು!

ಪ್ರಯೋಗ ಮಾಡಿಯೇ ನೋಡಿದೆ. ಬೆಳಗಿನ ಐದು ಗಂಟೆಗೆ ತಲೆಗೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಜಗಲಿ ಕಂಬಕ್ಕೆ ಒರಗಿ ಕೂತೆ. ಮೊದಲ ಅರ್ಧ ಗಂಟೆಯಲ್ಲಿ ಮೂರು ಸೀನು ಬಂತು. ಮುಂದಿನ ಅರ್ಧ ಗಂಟೆಯಲ್ಲಿ ಹೆಂಡತಿ ಬಂದಳು. ಶುಂಠಿ, ಕಾಳುಮೆಣಸು ಜಜ್ಜಿ ಹಾಕಿದ ಕಷಾಯದ ಲೋಟ ಕುಕ್ಕಿ, “ವೀರನಾರಾಯಣ ಬಂದ್ರೆ ಅವನಿಗೂ ಒಂದು ಲೋಟ ಇದೆ, ಹೇಳಿ” ಎಂದಳು.

ಆ ವೀರನಾರಾಯಣನದೂ ವಿಚಿತ್ರ ಲೆಕ್ಕ. ಕವಿ ಅವನು, ನಾನು ಬರೀ ಬರೆದುಕೊಂಡವನು ಎಂದು ಕುಮಾರವ್ಯಾಸ ಪೀಠಿಕೆಯಲ್ಲೇ ಹೇಳಿ ಕೈ ತೊಳೆದುಕೊಳ್ಳುತ್ತಾನೆ. ಅಷ್ಟು ದೊಡ್ಡ ಕೆಲಸ ಮಾಡಿ ಗುಮಾಸ್ತೆಯ ಹುದ್ದೆ ಕೇಳಿದವನು ಕನ್ನಡದಲ್ಲಿ ಇವನೊಬ್ಬನೇ ಇರಬೇಕು. ಅಲ್ಲೇ ಮುಂದೆ, ತನಗೆ ಕರಡು ಪ್ರತಿ ಬೇಕಾಗಲಿಲ್ಲ, ಬರೆದ ಪದವನ್ನು ಹೊಡೆದು ಹಾಕಲಿಲ್ಲ ಎಂದು ಜಂಬವನ್ನೂ ಕೊಚ್ಚಿಕೊಳ್ಳುತ್ತಾನೆ. ವಿನಯವನ್ನೂ ಜಂಬವನ್ನೂ ಒಂದೇ ಉಸಿರಿನಲ್ಲಿ ಹೇಳಿ ದಕ್ಕಿಸಿಕೊಳ್ಳಬೇಕಾದರೆ ಬೆನ್ನ ಹಿಂದೆ ದೇವರೇ ಇರಬೇಕು. ನಾನು ಹಾಗೆ ಬರೆದು ಕಳಿಸಿದರೆ ಗೌರವಧನ ಯಾರ ಖಾತೆಗೆ ಹಾಕಬೇಕೆಂದು ಪತ್ರಿಕೆಯವರು ಕೇಳುತ್ತಾರೆ, ಅಷ್ಟೇ.

ಪಂಪನ ಸ್ಫೂರ್ತಿ ಒಂದು ಊರು. ಬನವಾಸಿ ನಮಗೆ ಪಕ್ಕದ ಮನೆಯಿದ್ದಂತೆ. ಆತ ಕ್ರಿ.ಶ. 941ರ ಹೊತ್ತಿಗೆ ಒಂದು ಕಾವ್ಯವನ್ನು ಆರು ತಿಂಗಳಲ್ಲಿ, ಇನ್ನೊಂದನ್ನು ಮೂರೇ ತಿಂಗಳಲ್ಲಿ ಮುಗಿಸಿದನೆಂದು ತಾನೇ ಹೇಳಿಕೊಂಡಿದ್ದಾನೆ. ಆ ವೇಗಕ್ಕೆ ಬನವಾಸಿಯ ನೆನಪೂ ಒಂದು ಇಂಧನ. ಆದರೆ ನೆನಪಾಗಬೇಕಾದರೆ ದೂರ ಇರಬೇಕಲ್ಲ? ಬನವಾಸಿಗೆ ಹೋಗಿ ಮಧುಕೇಶ್ವರನಿಗೆ ಕೈಮುಗಿದು ಸಂಜೆಯೊಳಗೆ ಹಾಲು ಕರೆಯಲು ಮನೆಗೆ ಮರಳುವವರಿಗೆ ಯಾವ ಹಂಬಲ? ಇನ್ನೂ ಯೋಚಿಸಿದರೆ ಹೆದರಿಕೆಯಾಗುತ್ತದೆ. ಶಿಕಾರಿಪುರ ಸೀಮೆಯ ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಅಲ್ಲಮನಿಗೆ ಒಳಗಿನ ಕರೆ ಬಂತು, ಊರು ಬಿಟ್ಟ. ಉಡುತಡಿಯ ಮಹಾದೇವಿಗೆ ಬಂತು, ಅರಮನೆಯನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದಳು. ಶಿಕಾರಿಪುರದಲ್ಲಿ 1926ರಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರೂ ರಾಷ್ಟ್ರಕವಿಯಾದದ್ದು ಬೆಂಗಳೂರಲ್ಲಿ ಕೂತು. ನಮ್ಮ ಕಡೆ ಸ್ಫೂರ್ತಿ ಬಂತೆಂದರೆ ಗಂಟು ಕಟ್ಟಿದರೆಂದೇ ಅರ್ಥ. ಇದನ್ನು ಹೆಂಡತಿಗೆ ವಿವರಿಸಿದೆ. “ಹಂಗಾದ್ರೆ ನಿಮಗೆ ಬರೋದು ಬೇಡ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬಂದ್ರೂ ದೀಪಾವಳಿ ಕಳೆದ ಮೇಲೆ ಬರಲಿ, ಅಡಿಕೆ ಕೊಯ್ಲಿಗೆ ಜನ ಇಲ್ಲ” ಎಂದಳು. ಕುವೆಂಪು ಅವರಿಗಾದರೆ ಕವಿಶೈಲದಂಥ ಬಂಡೆ ಇತ್ತು. ನಮ್ಮನೆಯಲ್ಲಿರುವುದು ಬಟ್ಟೆ ಒಗೆಯುವ ಕಲ್ಲು, ಅದೂ ಖಾಲಿ ಇರುವುದು ಕಡಿಮೆ.

ಹೀಗಾಗಿ ಮುದ್ದಣನ ದಾರಿಯೊಂದೇ ಉಳಿದಿತ್ತು. ಕನ್ನಡದ ಸ್ಫೂರ್ತಿದೇವತೆಯರಲ್ಲಿ ನನಗೆ ಅಚ್ಚುಮೆಚ್ಚಿನವಳು ಮನೋರಮೆ. ಆಕೆಗೆ ವೀಣೆ ಇಲ್ಲ, ಹಂಸ ಇಲ್ಲ. ಗಂಡ ಮಳೆಗಾಲದ ಸಂಜೆ ಮನೆಗೆ ಬಂದರೆ ಉಪಚಾರ ಮಾಡಿ, ಕಥೆ ಹೇಳು ಎಂದು ಪೀಡಿಸುತ್ತಾಳೆ. ಆತ ಸಂಸ್ಕೃತ ಸುರಿದರೆ ತಡೆಯುತ್ತಾಳೆ, ಎಳೆದರೆ ಆಕಳಿಸುತ್ತಾಳೆ, ಪ್ರತಿಫಲ ಕೇಳಿದರೆ ಚೌಕಾಸಿಗೆ ಇಳಿಯುತ್ತಾಳೆ. ಕಾಲು ಹಿಡಿದು ಬೇಡಬೇಕಾದ ದೇವತೆಯಲ್ಲ, ಎದುರು ಕೂತು ಜಗಳವಾಡುವ ದೇವತೆ. ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ಲು ಹೇಳಿಕೊಡುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, 1901ರಲ್ಲಿ ಮೂವತ್ತೊಂದು ತುಂಬುವ ಆಸುಪಾಸಿನಲ್ಲೇ ಕ್ಷಯದಿಂದ ತೀರಿಕೊಂಡ. ಹೆಂಡತಿ ಕಮಲಾಬಾಯಿ ನಮ್ಮ ಶಿವಮೊಗ್ಗ ಸೀಮೆಯಿಂದ ಹೋದ ಹೆಣ್ಣುಮಗಳು. ಮನೋರಮೆಗೆ ನಾಲಗೆ ಎಲ್ಲಿಂದ ಬಂತು ಎಂಬುದಕ್ಕೆ ನನಗಂತೂ ಬೇರೆ ಪುರಾವೆ ಬೇಡ.

ಒಂದು ಸಂಜೆ ಮಳೆ ಹೊಯ್ಯುತ್ತಿತ್ತು, ಕರೆಂಟೂ ಹೋಗಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲವೆಂದು ಹೆಂಡತಿಗೆ ಮುದ್ದಣನ ರಾಮಾಶ್ವಮೇಧದ ಆರಂಭವನ್ನು ನನ್ನ ಮಾತಿನಲ್ಲಿ ಹೇಳಿದೆ. ಆಕೆ ಹಲಸಿನ ಬೀಜ ಸುಲಿಯುತ್ತ ಕೇಳಿದಳು. ಕೊನೆಗೆ ಕೇಳಿದ್ದು ಮೂರು ಪ್ರಶ್ನೆ.

“ಅಶ್ವಮೇಧ ಮುಗಿಯೋ ತನಕ ಮನೋರಮೆ ಕೂತೇ ಇದ್ಲಾ? ಅಡಿಗೆ ಯಾರು ಮಾಡಿದ್ರು?”

ಗೊತ್ತಿಲ್ಲ ಎಂದೆ.

“ಕೊಂಕು ತೆಗೆದವಳು ಅವಳು, ಸಡಿಲ ಆದಲ್ಲಿ ಬಿಗಿ ಮಾಡಿಸಿದವಳು ಅವಳು. ಪುಸ್ತಕದ ಮೇಲೆ ಹೆಸರು ಯಾರದು?”

ಇಲ್ಲಿ ನಾನು ಸ್ವಲ್ಪ ಗೆದ್ದೆ. ಮುದ್ದಣ ತನ್ನ ಹೆಸರನ್ನೂ ಹಾಕಿಕೊಂಡಿರಲಿಲ್ಲ, ಯಾರೋ ಹಳಬರ ಕಾವ್ಯ ಸಿಕ್ಕಿತೆಂದು ಹೇಳಿ ಅಚ್ಚಿಗೆ ಕಳಿಸಿದ್ದ, ತೀರಿಕೊಂಡ ಎಷ್ಟೋ ಕಾಲದ ಮೇಲೆ ಗುಟ್ಟು ಬಯಲಾಯಿತು ಎಂದೆ. ಆಕೆ ಬೀಜ ಸುಲಿಯುವುದನ್ನು ನಿಲ್ಲಿಸಿ ಕತ್ತಲಲ್ಲಿ ನನ್ನ ಕಡೆ ನೋಡಿದಳು.

“ಪಾಪ. ಹಂಗಾದ್ರೆ ಅವನು ಒಳ್ಳೆಯವನೇ. ನೀವು ಯಾಕೆ ಎಲ್ಲದರ ಕೆಳಗೂ ಹೆಸರು, ಊರು, ಫೋಟೋ ಹಾಕಿಸ್ತೀರಿ?”

ಬೇಂದ್ರೆಯವರ ಉಪಾಯ ಎಷ್ಟು ಕ್ಷೇಮಕರ ಎಂದು ಆಗ ಅರ್ಥವಾಯಿತು. ತಾಯಿ ಅಂಬಿಕೆಯ ಹೆಸರಿನಿಂದ ‘ಅಂಬಿಕಾತನಯದತ್ತ’ ಎಂಬ ಇನ್ನೊಬ್ಬನನ್ನು ಹುಟ್ಟಿಸಿ ಕವನದ ಹೊಣೆಯನ್ನೆಲ್ಲ ಅವನಿಗೆ ಬಿಟ್ಟರೆ ಮನೆಯಲ್ಲಿ ಇಂಥ ಪ್ರಶ್ನೆಗಳಿಗೆ ಬೇಂದ್ರೆ ಮಾಸ್ತರರು ಉತ್ತರ ಕೊಡಬೇಕಾಗಿಲ್ಲ.

ಇಷ್ಟೆಲ್ಲ ಆಗುವಾಗ ಹಿತ್ತಲಾಚೆ ತೋಟದಲ್ಲಿ ಇನ್ನೊಂದು ಕಾಯುವಿಕೆ ನಡೆದೇ ಇತ್ತು. ನಮಗಿರುವುದು ಒಂದು ಎಕರೆ ಅಡಿಕೆ ತೋಟ. ಮಳೆ ಜಡಿ ಹಿಡಿದರೆ ಅಡಿಕೆ ಕೊನೆಗೆ ಕೊಳೆರೋಗ ಬರುತ್ತದೆ, ಎಳೆಗಾಯಿ ಪಟಪಟ ಉದುರುತ್ತದೆ. ಅದಕ್ಕೆ ಮೊದಲೇ ಔಷಧಿ ಹೊಡೆಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆಬೇರೆ ಕರಗಿಸಿ ಕೂಡಿಸಬೇಕು, ಕೂಡಿಸಿದ್ದನ್ನು ಅಂದಂದೇ ಹೊಡೆದು ಮುಗಿಸಬೇಕು. ಇಷ್ಟನ್ನು ನಾನೂ ಮಾಡಬಲ್ಲೆ. ಮರ ಹತ್ತಬೇಕಾದವನು ಮಾತ್ರ ಕೊನೆಗೌಡ. ಸುತ್ತಲ ಹಳ್ಳಿಗಳಲ್ಲಿ ಮರ ಸಾವಿರಗಟ್ಟಲೆ, ಕೊನೆಗೌಡರು ಬೆರಳೆಣಿಕೆ. ಫೋನು ಮಾಡಿದರೆ “ನಾಳೆ ಬತ್ತೆ ಮೇಷ್ಟ್ರೇ” ಎನ್ನುತ್ತಾನೆ. ಇಷ್ಟು ವರ್ಷ ‘ನಾಳೆ’ ಬಂದರೆ ಭವಿಷ್ಯತ್ಕಾಲ ಎಂದು ಪಾಠ ಹೇಳಿದ್ದೇನೆ. ಕೊನೆಗೌಡನ ಬಾಯಲ್ಲಿ ಅದು ಅವ್ಯಯ, ಲಿಂಗ ವಚನ ವಿಭಕ್ತಿ ಯಾವುದಕ್ಕೂ ಬಗ್ಗುವುದಿಲ್ಲ. ನಂಬಿ ದ್ರಾವಣ ಕಲಸಿಟ್ಟ ದಿನ ಬರುವುದಿಲ್ಲ, ಡ್ರಮ್ಮು ಪೂರ್ತಿ ಚೆಲ್ಲಬೇಕು. ಬೈಯುವಂತಿಲ್ಲ. ಬೈದರೆ ಮುಂದಿನ ವರ್ಷದ ‘ನಾಳೆ’ಯೂ ಸಿಕ್ಕುವುದಿಲ್ಲ.

ಜಗಲಿಯಲ್ಲಿ ಖಾಲಿ ಹಾಳೆ, ತಣ್ಣಗಾದ ಚಹಾ, ಮುಚ್ಚಳ ತೆಗೆದ ಪೆನ್ನು ಇಟ್ಟುಕೊಂಡು ಅವನ ಫೋನಿಗೆ ಕಾಯುತ್ತಿದ್ದ ಒಂದು ಬೆಳಿಗ್ಗೆ ನನಗೆ ತಟ್ಟನೆ ಹೊಳೆಯಿತು. ಅಯ್ಯೋ, ಇಬ್ಬರಲ್ಲ ಇವರು, ಒಬ್ಬನೇ!

ಬೇಕಾದರೆ ಹೋಲಿಸಿ ನೋಡಿ. ಕೊನೆಗೌಡ ಬಂದನೆಂದರೆ ಬರಿಗೈಲಿ ಬರುವವನಲ್ಲ. ಮರದ ತುದಿಯಿಂದ ಸುತ್ತಲ ಮನೆಗಳ ಹಿತ್ತಿಲೆಲ್ಲ ಕಾಣುತ್ತದೆ. ಯಾರ ಮನೆ ದನ ಯಾರ ಶುಂಠಿಪಟ್ಟಿಗೆ ನುಗ್ಗಿತು, ಯಾವ ಅಣ್ಣತಮ್ಮಂದಿರು ತೋಟದ ನಡುವೆ ಹೊಸ ಬೇಲಿ ಹಾಕಿದರು, ಎಲ್ಲವೂ ಮೇಲಿಂದ ಕೆಳಗೆ ಬೀಳುತ್ತದೆ. ನಾನು ಇದುವರೆಗೆ ಬರೆದ ಪ್ರಬಂಧಗಳಲ್ಲಿ ಅರ್ಧದಷ್ಟು ಹೀಗೆ ಬಿದ್ದದ್ದನ್ನು ಆಯ್ದುಕೊಂಡದ್ದೇ. ಇನ್ನು ಅವನ ನಡಿಗೆ! ಕಾಲಿಗೆ ತಳೆ ಹಾಕಿ ಒಂದು ಮರ ಹತ್ತುತ್ತಾನೆ. ಆ ಮರದ ಕೆಲಸ ಮುಗಿದರೆ ಇಳಿಯುವುದಿಲ್ಲ. ಮರವನ್ನೇ ತೂಗಿ, ಬಾಗಿಸಿ, ಪಕ್ಕದ್ದನ್ನು ಕೈಚಾಚಿ ಹಿಡಿದು ದಾಟಿಬಿಡುತ್ತಾನೆ. ಹತ್ತು ಮರ ದಾಟಿ, ಎಲ್ಲಿ ಹತ್ತಿದನೋ ಅಲ್ಲಿಂದ ಬಲು ದೂರದಲ್ಲಿ ಇಳಿಯುತ್ತಾನೆ. ಲಲಿತ ಪ್ರಬಂಧ ಬರೆಯಬೇಕಾದ್ದು ಹಾಗೆ. ನಾನು ಒಂದೊಂದು ಮರಕ್ಕೂ ಇಳಿದು, ಮಣ್ಣು ಕೊಡವಿ, ‘ಇರಲಿ, ಈಗ ವಿಷಯಕ್ಕೆ ಬರೋಣ’ ಎಂದು ಮತ್ತೆ ಹತ್ತುವವನು.

ಅಂತೂ ಅವನು ಬಂದ. ಹೇಳಿದ ಯಾವ ನಾಳೆಯಲ್ಲೂ ಅಲ್ಲ. ಮಳೆ ಹೊಳವಾದ ಒಂದು ಗುರುವಾರ, ಸೊರಬದಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಇಸ್ತ್ರಿ ಪಂಚೆ ಉಟ್ಟು ಬಸ್ಸಿಗೆ ಹೊರಟು ನಿಂತಿದ್ದಾಗ. “ಮೇಷ್ಟ್ರೇ, ಮದ್ದು ಕಲಸಿ. ಹೊಳ ಬಿಟ್ರೆ ಸಿಕ್ಕದಿಲ್ಲ.” ಪಂಚೆ ಎತ್ತಿ ಕಟ್ಟಿ ಕಲಸಿದೆ. ಕತ್ತಿ ಅದ್ದಿ ನೋಡಿದೆ. ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದು ಲೆಕ್ಕ. ಆಗಲಿಲ್ಲ. ಹೆಂಡತಿ ಪಂಪು ಚಾಲೂ ಮಾಡಿದಳು, ನಾನು ಪೈಪು ಹಿಡಿದು ಮರದಿಂದ ಮರಕ್ಕೆ ಎಳೆಯುತ್ತ ನಡೆದೆ. ಮೇಲಿಂದ ಮೈಲುತುತ್ತದ ಹನಿ ಸೋನೆಯಂತೆ ಇಳಿದು ಪಂಚೆ ತೊಯ್ದು ತಿಳಿನೀಲಿಯಾಯಿತು. ಏಳನೆಯದೋ ಎಂಟನೆಯದೋ ಮರದ ಬುಡದಲ್ಲಿ, ಒದ್ದೆ ಬಟ್ಟೆಯಲ್ಲಿ ನಿಂತಿದ್ದಾಗ ಈ ಪ್ರಬಂಧದ ಮೊದಲ ವಾಕ್ಯ ಇಡಿಯಾಗಿ ಬಂತು. ಈಗ ಮೇಲೆ ನೀವು ಓದಿದಿರಲ್ಲ, ಅದಲ್ಲ. ಬಹಳ ಚೆನ್ನಾಗಿತ್ತು. ಎರಡು ಕೈಯಲ್ಲೂ ಪೈಪು. ಮರೆಯಬಾರದೆಂದು ಗಟ್ಟಿಯಾಗಿ ಎರಡು ಸಲ ಹೇಳಿಕೊಂಡೆ. ಅಷ್ಟರಲ್ಲಿ ಮೇಲಿಂದ “ಪೈಪು ಸಡಿಲ ಬಿಡಿ!” ಎಂದು ಕೂಗು ಬಂತು, ಬಿಟ್ಟೆ, ಅದರ ಜೊತೆಗೆ ವಾಕ್ಯವೂ ಬಿಟ್ಟುಹೋಯಿತು.

ಮಧ್ಯಾಹ್ನ ಅವನು ಇಳಿದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಕೇಳಿದೆ. “ಅಲ್ಲ ಮಾರಾಯ, ನಾನು ಕೆಳಗೆ ನಿಂತು ಎಂತದೋ ಹೇಳಿದ್ನಲ್ಲ, ನಿಂಗೆ ಕೇಳ್ತಾ?”

“ಕೇಳ್ತು ಮೇಷ್ಟ್ರೇ” ಎಂದ, ಸಾರಿಗೆ ಕೈ ಚಾಚುತ್ತ. “ತಡ ಮಾಡಿ ಬಂದೆ ಅಂತ ಬೈತಿದ್ರಿ ಅಂದ್ಕಂಡು ಸುಮ್ಮನಾದೆ.”