ಮೊಸರು ಬಿಡುವ ಮಾತು

ಹುಟ್ಟಾ ಸಸ್ಯಾಹಾರಿಗೆ ಒಂದು ದೊಡ್ಡ ಅನುಕೂಲವಿದೆ. ಏನನ್ನೂ ಬಿಡದೆ ತ್ಯಾಗಿ ಅನ್ನಿಸಿಕೊಳ್ಳಬಹುದು. ಧಾರವಾಡದ ನಮ್ಮ ಅಡಿಗೆಮನೆಗೆ ಅಜ್ಜನ ಕಾಲದಿಂದಲೂ ಮೊಟ್ಟೆ ಕಾಲಿಟ್ಟಿಲ್ಲ. ಅದಕ್ಕಾಗಿ ನಾನು ಪಟ್ಟ ಶ್ರಮ ಸೊನ್ನೆ. ಆದರೂ ಬ್ಯಾಂಕಿನವರು ವರ್ಗ ಮಾಡಿ ಮರಾಠವಾಡದ ಸಿಲ್ಲೋಡಿಗೆ ಕಳಿಸಿದಾಗ, ಬಾಡಿಗೆ ಮನೆಯ ಯಜಮಾನರ ಮುಂದೆ "ನಾವು ಪ್ಯೂರ್ ವೆಜ್" ಎನ್ನುವಾಗ ಎದೆ ತಾನಾಗಿ ಉಬ್ಬಿತ್ತು.

ಆ ಗಾಳಿ ಇಳಿಸಿದವನು ಮಗ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವನು ದೀಪಾವಳಿಗೆ ಬಂದದ್ದೇ ವೀಗನ್ ಆಗಿ. ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲವಂತೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಇದಕ್ಕೊಂದು ಸಂಘ ಕಟ್ಟಿದರು, 2021ರಲ್ಲಿ ನಮ್ಮ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರವೂ ವೀಗನ್ ಪದಾರ್ಥಕ್ಕೆ ಬೇರೆ ಮುದ್ರೆ ತಂದಿದೆ ಎಂದು ಪಾಠವಾಯಿತು.

"ಹಂಗಾರ ನಾವು ಯಾರು?" ಎಂದಳು ನನ್ನಾಕೆ.

"ನೀವು ಬರೇ ಹಸಿರು ಚುಕ್ಕಿ, ಅವ್ವಾ."

ಅವನ ವಾದಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಎಮ್ಮೆ, ಆಕಳು ಹಾಲು ಕೊಡಬೇಕಾದರೆ ಈಯಬೇಕು. ಹುಟ್ಟಿದ್ದು ಗಂಡುಕರುವಾದರೆ, ಟ್ರ್ಯಾಕ್ಟರಿನ ಈ ಕಾಲದಲ್ಲಿ ಅದನ್ನು ಸಾಕುವವರು ಯಾರು? ನಾನು ಗಂಭೀರವಾಗಿ ತಲೆ ಆಡಿಸಿದೆ, ಮೊಸರನ್ನದ ತಟ್ಟೆ ಮಾತ್ರ ಕೈ ಬಿಡಲಿಲ್ಲ. ನನ್ನಾಕೆಯ ಕಷ್ಟ ಬೇರೆ. ಮಗನಿಗೆಂದು ತರಿಸಿದ್ದ ಪೇಢೆಯ ಡಬ್ಬಿ ತೆರೆದು ಕೂತಿದ್ದಳು. "ಧಾರವಾಡದಾವ ಪೇಢೆ ಒಲ್ಲೆ ಅಂದ್ರ ಆಧಾರ್ ಕಾರ್ಡ್ ಹರದು ಹಾಕಿಧಂಗ" ಎಂದು ಗೊಣಗಿದಳು. ಮರುದಿನ ಪೈಠಣಕ್ಕೆ ಹೋಗಿ ಪೈಠಣಿ ಸೀರೆ ಕೊಳ್ಳುವ ಯೋಜನೆಯಿತ್ತು. ರೇಷ್ಮೆಗೂಡನ್ನು ಹುಳುವಿನ ಸಮೇತ ಕುದಿಸುವ ಕಥೆ ಹೇಳಿ ಮಗ ಅದಕ್ಕೂ ಕಲ್ಲು ಹಾಕಿದ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ತೆಗೆಯುವುದು ನಮ್ಮ ಕರ್ನಾಟಕವೇ ಆದ್ದರಿಂದ ನಾಡಾಭಿಮಾನದಿಂದಲೂ ವಾದಿಸುವಂತಿರಲಿಲ್ಲ. ಸೀರೆಯ ದುಡ್ಡು ಉಳಿದದ್ದೇ ನನ್ನ ಮಟ್ಟಿಗೆ ಈ ತತ್ತ್ವದಿಂದಾದ ಮೊದಲ ಲಾಭ.

ಬಿಡುವ ಮಾತು ಬಂದಾಗ ನೆನಪಾಗುವವರು ನಮ್ಮ ಶಾಖೆಯ ಜವಾನರು. ಅವರು ಮಾಳಕರಿ, ಅಂದರೆ ಮಾಲೆ ಹಾಕಿದವರು. ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದ ವಾರಕರಿಗಳು ಮಾಂಸ, ಮದ್ಯ ಎರಡನ್ನೂ ಬಿಡುತ್ತಾರೆ. ಇವರು ಮೊದಲು ಮಟನ್ ಎಂದರೆ ಪ್ರಾಣ ಬಿಡುತ್ತಿದ್ದವರಂತೆ. ಹೇಗೆ ಬಿಟ್ಟಿರಿ ಎಂದು ಕೇಳಿದರೆ "ಮಾಳ ಹಾಕಿದೆ ಸಾಹೇಬ, ಬಿಟ್ಟೆ" ಎನ್ನುತ್ತಾರೆ. ಭಾಷಣ ಅಷ್ಟೇ. ಮನೆಯಲ್ಲಿ ಉಳಿದವರೆಲ್ಲ ತಿನ್ನುತ್ತಾರೆ. ಮಟನ್ ಮಾಡುವ ದಿನ ಅಂಗಳದಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಇವರು ತಮ್ಮ ಪಾಲಿನ ಭಾಕರಿ ತಾವೇ ತಟ್ಟಿಕೊಂಡು ಪಡಸಾಲೆಯಲ್ಲಿ ಉಂಡು ಏಳುತ್ತಾರೆ.

ಹಬ್ಬ ಮುಗಿದ ಶನಿವಾರ ಅವರ ಹೊಲದಲ್ಲಿ ಊಟಕ್ಕೆ ಕರೆದರು. ಮಗನ ಕಟ್ಟಳೆಗಳನ್ನು ಮೊದಲೇ ಹೇಳಬೇಕೆಂದು ನಾನು ಪೀಠಿಕೆ ಹಾಕಿದರೆ, ಅವರ ಮನೆಯವರು "ಹಾಲಿನದು ಏನೂ ಇಲ್ಲ, ಎಲ್ಲಾ ಮಾರಿಬಿಡತೇವಿ" ಎಂದು ನಕ್ಕರು. ತಟ್ಟೆಗೆ ಬಂದದ್ದು ಜೋಳದ ಭಾಕರಿ, ಕಡಲೆಹಿಟ್ಟಿನ ಪಿಠಲ, ಸುಟ್ಟ ಬದನೆಯ ಭರೀತ, ಹಸಿ ಉಳ್ಳಾಗಡ್ಡಿ. ಕಣ್ಣೆದುರಿಗೇ ತೇಚಾ ತಯಾರಾಯಿತು. ಸಿಲ್ಲೋಡ್ ತಾಲ್ಲೂಕು ಹಸಿ ಮೆಣಸಿನಕಾಯಿಗೆ ಹೆಸರಾದದ್ದು. ಅದನ್ನು ಬೆಳ್ಳುಳ್ಳಿ, ಶೇಂಗಾ ಜೊತೆ ಎಣ್ಣೆ ಬಿಟ್ಟು ಹೆಂಚಿನ ಮೇಲೆ ಕಪ್ಪು ಚುಕ್ಕೆ ಬೀಳುವವರೆಗೆ ಹುರಿದು, ಉಪ್ಪು ಹಾಕಿ, ಹಿತ್ತಾಳೆ ತಂಬಿಗೆಯ ತಳದಿಂದ ಅಲ್ಲೇ ಜಜ್ಜಿದರು. ಇಡೀ ತಟ್ಟೆಯಲ್ಲಿ ಒಂದು ಹನಿ ಹಾಲಿಲ್ಲ. ವಾಟ್ಸನ್ ಸಾಹೇಬರ ಹೆಸರು ಕೇಳದೆಯೇ ಬಡವರ ತಟ್ಟೆ ಎಂದಿನಿಂದಲೋ ವೀಗನ್ ಆಗಿತ್ತು.

ಎರಡನೇ ತುತ್ತಿಗೇ ಮಗನ ಕಣ್ಣು, ಮೂಗು ಸೋರತೊಡಗಿದವು. ಪಾಪ ಅನ್ನಿಸಿ ನೆರೆಯವರು ಓಡಿ ಹೋಗಿ ಒಂದು ವಾಟೆ ಗಟ್ಟಿ ಮೊಸರು ತಂದಿಟ್ಟರು. ಅವನು ಕೈ ಅಡ್ಡ ಹಿಡಿದು ಬೆಲ್ಲ ಬೇಡಿದ. ಮೊಸರು ಹಾಳಾಗಬಾರದಲ್ಲ, ನಾನು ತೆಗೆದುಕೊಂಡೆ.

ಆಗ ಜವಾನರು ಮೆಲ್ಲಗೆ ಕೇಳಿದರು: "ಈ ಜೋಳದ ಹೊಲಕ್ಕೆ ಎತ್ತು ಹೂಡಿದ್ದೆ, ಗೊಬ್ಬರ ದನದ್ದೇ. ನಿಮಗೆ ನಡೀತದಾ?"

ಮಗ ಬೆಲ್ಲ ಚೀಪುತ್ತಾ ಯೋಚಿಸಿದ. "ಕಾಕಾ, ಸಾಧ್ಯ ಆದಷ್ಟು ಬಿಡಬೇಕು ಅಂತದ."

"ಹಾಂ, ನಮ್ಮದೂ ಅಷ್ಟೇ" ಎಂದು ಅವರು ಇನ್ನೊಂದು ಭಾಕರಿ ಬಡಿಸಿದರು.

ಮರುದಿನ ಅವನನ್ನು ಅಜಂತಾಕ್ಕೆ ಕರೆದೊಯ್ದೆ. ಪಾರಿವಾಳ ಉಳಿಸಲು ತನ್ನ ಮೈಯ ಮಾಂಸವನ್ನೇ ಕೊಟ್ಟ ಶಿಬಿರಾಜ ಅಲ್ಲಿಯ 1ನೆಯ ಗುಹೆಯ ಗೋಡೆಯ ಮೇಲಿದ್ದಾನೆ. ಇಂಥ ಕರುಣೆಯ ಗುಹೆಗಳನ್ನು 1819ರಲ್ಲಿ ಹೊರಜಗತ್ತಿಗೆ ತೋರಿಸಿಕೊಟ್ಟ ಜಾನ್ ಸ್ಮಿತ್ ಅಲ್ಲಿಗೆ ಬಂದದ್ದು ಹುಲಿ ಬೇಟೆಗೆ. ಬೋಧನೆಗಿಂತ ದಾರಿ ತಪ್ಪುವುದೇ ಎಷ್ಟೋ ಸಲ ಜನರನ್ನು ಒಳ್ಳೆಯ ಜಾಗಕ್ಕೆ ತಲುಪಿಸುತ್ತದೆ.

ಮಗ ಪುಣೆಗೆ ಹೋದ ಮೇಲೂ ನನ್ನಾಕೆ ಶೇಂಗಾ ನೆನೆಹಾಕಿ, ರುಬ್ಬಿ, ಸೋಸಿ ಹಾಲು ತೆಗೆದು ಪ್ರಯೋಗ ಮಾಡುತ್ತಿದ್ದಾಳೆ. ಸಾರಿಗೆ ಅದು ಸೈ, ಚಹಾಕ್ಕೆ ಸುತರಾಂ ಅಲ್ಲ. ನನಗೆ ತಿಳಿದದ್ದು ಇಷ್ಟು. ಹುಟ್ಟಿನಿಂದ ತಿನ್ನದವನದು ಅಭ್ಯಾಸ, ರುಚಿ ಗೊತ್ತಿದ್ದೂ ಬಿಟ್ಟವನದು ವ್ರತ. ಆ ಲೆಕ್ಕದಲ್ಲಿ ಜವಾನರೂ ಮಗನೂ ನನಗಿಂತ ಮೇಲೆ.

ನಿಮಗೂ ಆ ದಾರಿ ಹಿಡಿಯುವ ಮನಸ್ಸಿದ್ದರೆ ಸೋಯಾ ಹಾಲಿನ ಪೊಟ್ಟಣದಿಂದ ಶುರು ಮಾಡಬೇಡಿ, ರೊಟ್ಟಿ, ಚಟ್ನಿ, ಪಲ್ಯದಿಂದ ಶುರು ಮಾಡಿ. ಬಿ12 ಜೀವಸತ್ವ ಗಿಡದಲ್ಲಿ ಸಿಗುವುದಿಲ್ಲ, ಡಾಕ್ಟರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಿ. ಉಣ್ಣುವವರ ತಟ್ಟೆಯ ಮುಂದೆ ಉಪದೇಶ ಬೇಡ. ಮತ್ತೆ, ವ್ರತ ನಿಮ್ಮದಾದರೆ ಅಡಿಗೆಯನ್ನೂ ದಯವಿಟ್ಟು ನೀವೇ ಮಾಡಿಕೊಳ್ಳಿ.